ಒಂದೇ ಕಾದಂಬರಿಯಾ, ಮೂರು ಭಾಗದ ಸರಣಿಯಾ? ಗಂಟೆ ಹುಡುಕಿ ಹೊರಟ ಹುಡುಗಿಯ ಕಥೆ ಎಲ್ಲಿ ನಿಲ್ಲಿಸಲಿ

ಕಾಗದದೋಣಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಈಗ ನಡುವೆ ನಿಂತುಬಿಟ್ಟಿದ್ದೇನೆ. ಬರೆದ ಅನುಭವ ಇರುವವರು, ಜಾಸ್ತಿ ಓದಿರುವವರು ದಯವಿಟ್ಟು ಹೇಳಿ.

ಕಥೆ ಇದು. ಈ ಲೋಕದಲ್ಲಿ ಯಾರಾದರೂ ಸತ್ತರೆ ಅವರ ದನಿಯನ್ನು ಒಂದು ಗಂಟೆಯಲ್ಲಿ ಎರಕ ಹೊಯ್ದು ಇಡುತ್ತಾರೆ. ಗಂಟೆ ಬಾರಿಸಿದರೆ ಅವರ ದನಿ ಕೇಳಿಸುತ್ತದೆ. ಆದರೆ ಬಾರಿಸಿದಷ್ಟೂ ದನಿ ಸವೆಯುತ್ತದೆ. ಎರಕದವನ ಮಗಳು ನೀಲಿ. ಅವಳ ಅಮ್ಮನ ಗಂಟೆ ಕಳುವಾಗುತ್ತದೆ. ಅದನ್ನು ಹುಡುಕಿಕೊಂಡು ಹೊರಡುತ್ತಾಳೆ.

ಎಪ್ಪತ್ತು ಸಾವಿರ ಪದ ಆಗಿದೆ. ನೀಲಿ ಇನ್ನೂ ಮೊದಲನೇ ನಾಡು ದಾಟಿದ್ದಾಳೆ ಅಷ್ಟೇ. ಇನ್ನು ಮೂರು ನಾಡು ಬಾಕಿ. ಗಂಟೆಗಳನ್ನು ಕರಗಿಸಿ ಆಯುಧ ಮಾಡಿಸುವ ಒಬ್ಬ ದೊರೆ ಇದ್ದಾನೆ. ಮುನ್ನೂರು ವರ್ಷದ ಹಳೇ ಯುದ್ಧ ಇದೆ. ಒಬ್ಬ ಅಂಬಿಗ ಇದ್ದಾನೆ, ಅವನದ್ದೇ ಒಂದು ದೊಡ್ಡ ಕಥೆ. ಟಿಪ್ಪಣಿ ಬರೆದ ನೋಟ್‌ಬುಕ್ಕೇ ನಾಲ್ಕು ತುಂಬಿವೆ.

ಇದನ್ನು ಮೂರು ಭಾಗ ಮಾಡಲಾ? ಅಥವಾ ಕತ್ತರಿಸಿ ಒಂದೇ ಪುಸ್ತಕ ಮಾಡಲಾ? ಮೂರು ಅಂದರೆ ಇನ್ನೂ ಎಷ್ಟು ವರ್ಷ ಎಂದು ಭಯ. ಒಂದೇ ಅಂದರೆ ಇಷ್ಟೆಲ್ಲಾ ಕಟ್ಟಿದ್ದು ಹಾಳಾಗುತ್ತದೆ ಎಂದು ಸಂಕಟ.

ನಡುರಾತ್ರಿ

ಸರಣಿ. ಯೋಚನೆಯೇ ಬೇಡ. ದನಿ ಇರುವ ಗಂಟೆ ಅಂತ ಓದಿದ ತಕ್ಷಣ ಆ ಲೋಕದಲ್ಲಿ ಇನ್ನಷ್ಟು ದಿನ ಇರಬೇಕು ಅನಿಸಿತು. ಫ್ಯಾಂಟಸಿ ಓದುವವರು ಕಥೆಗೆ ಮಾತ್ರ ಬರುವುದಿಲ್ಲ, ಅಲ್ಲಿ ವಾಸ ಮಾಡಲು ಬರುತ್ತಾರೆ. ಒಂದು ಪುಸ್ತಕದಲ್ಲಿ ಮುಗಿಸಿದರೆ ಬಾಗಿಲು ತೆಗೆದು ಹಾಗೇ ಮುಚ್ಚಿದಂತೆ.

ಹಳೇಓದುಗ

ದಯವಿಟ್ಟು ಒಂದೇ ಪುಸ್ತಕ ಮಾಡಿ. ಓದುಗನಾಗಿ ಕೈಮುಗಿದು ಕೇಳುತ್ತಿದ್ದೇನೆ.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಗೇಮ್ ಆಫ್ ಥ್ರೋನ್ಸ್' ಸರಣಿಯ ಮೊದಲ ಪುಸ್ತಕ ಬಂದಿದ್ದು 1996ರಲ್ಲಿ. ಮೂರು ಪುಸ್ತಕ ಅಂತ ಶುರುವಾದದ್ದು ಏಳರ ಯೋಜನೆಯಾಗಿ ಬೆಳೆಯಿತು. ಐದನೆಯದು 2011ರಲ್ಲಿ ಬಂತು. ಆರನೆಯದಕ್ಕೆ ಕಾದು ಕಾದು ನನಗೆ ಪಾತ್ರಗಳ ಹೆಸರೇ ಮರೆತುಹೋಗಿವೆ. ಮತ್ತೆ ಮೊದಲಿಂದ ಓದುವ ಶಕ್ತಿ ಇಲ್ಲ. ಇನ್ನು ಮುಗಿಯದ ಸರಣಿ ಮುಟ್ಟುವುದಿಲ್ಲ ಎಂದು ತೀರ್ಮಾನ ಮಾಡಿದ್ದೇನೆ. ನನ್ನಂಥವರು ತುಂಬಾ ಜನ ಇದ್ದಾರೆ. ಹೊಸಬರ ಮೊದಲ ಪುಸ್ತಕದ ಮೇಲೆ 'ಭಾಗ ಒಂದು' ಅಂತ ಕಂಡರೆ ಕೈ ತಾನಾಗಿ ಹಿಂದೆ ಬರುತ್ತದೆ.

ಮಿಂಚುಹುಳ

ಹಳೇಓದುಗ ಅವರೇ, ಇದು ನ್ಯಾಯವಲ್ಲ. ಎಲ್ಲರೂ ಹಾಗೆ ಕಾಯ್ದರೆ ಮೊದಲ ಭಾಗ ಮಾರಾಟವೇ ಆಗುವುದಿಲ್ಲ. ಮೊದಲ ಭಾಗ ಓಡದಿದ್ದರೆ ಎರಡನೇ ಭಾಗ ಬರುವುದೇ ಇಲ್ಲ. ಸರಣಿ ನಿಂತುಹೋಗಲು ಕಾಯುವ ಓದುಗರೂ ಒಂದು ಕಾರಣ. ಅಷ್ಟಕ್ಕೂ ಟೋಲ್ಕಿನ್ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದಿದ್ದು ಟ್ರಿಲಜಿಯಾಗಿ, ಅಂದರೆ ಮೂರು ಭಾಗದ ಸರಣಿಯಾಗಿ ಅಲ್ವಾ? ಈ ಪ್ರಕಾರಕ್ಕೆ ಅಡಿಪಾಯ ಹಾಕಿದ್ದೇ ಅದು.

ಕರಡುತಿದ್ದುವವ

ಒಂದು ತಿದ್ದುಪಡಿ. ಟೋಲ್ಕಿನ್ ಅದನ್ನು ಟ್ರಿಲಜಿ ಎಂದು ಬರೆಯಲಿಲ್ಲ. ಅವರ ಪಾಲಿಗೆ ಅದು ಒಂದೇ ಕಾದಂಬರಿ. ಒಳಗೆ ಆರು ಖಂಡಗಳಿವೆ. ಯುದ್ಧದ ನಂತರದ ಕಾಲ, ಕಾಗದ ದುಬಾರಿ, ಅಷ್ಟು ದಪ್ಪ ಪುಸ್ತಕಕ್ಕೆ ಹಣ ಹಾಕಲು ಪ್ರಕಾಶಕರಿಗೆ ಭಯ. ಹಾಗಾಗಿ 1954 ಮತ್ತು 1955ರಲ್ಲಿ ಮೂರು ಸಂಪುಟವಾಗಿ ತಂದರು. ಬರೆದು ಮುಗಿದಿದ್ದು 1949ರ ಹೊತ್ತಿಗೆ. ಅಂದರೆ ಮೊದಲ ಸಂಪುಟ ಅಂಗಡಿಗೆ ಬಂದಾಗ ಕಥೆಯ ಕೊನೆಯ ಸಾಲು ಬರೆದು ವರ್ಷಗಳೇ ಆಗಿದ್ದವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಒಂದು ಕಥೆಯನ್ನು ಮೂರು ಸಂಪುಟ ಮಾಡುವುದು ಬೇರೆ. ಮೂರು ಕಥೆಗಳನ್ನು ಒಂದರ ಹಿಂದೆ ಒಂದು ಕಟ್ಟುವುದು ಬೇರೆ. ಮೊದಲನೆಯದು ರಟ್ಟು ಹಾಕುವವರ ಕೆಲಸ. ಎರಡನೆಯದು ಬರೆಯುವವರ ಕೆಲಸ. ನನ್ನ ಬಳಿ ಬರುವ ಹೊಸಬರ ಕರಡುಗಳಲ್ಲಿ ಹೆಚ್ಚಿನವು ಮೊದಲನೆಯ ಜಾತಿ. ಉದ್ದವಾಯಿತು, ಕತ್ತರಿಸಿದೆ, 'ಭಾಗ ಒಂದು' ಅಂತ ಹಾಕಿದೆ. ಓದಿದರೆ ಎಲ್ಲೂ ಏನೂ ಮುಗಿದಿರುವುದಿಲ್ಲ.

ಕಾಗದದೋಣಿ ಅವರೇ, ನಿಮ್ಮ ಕಥೆಯ ಮೊದಲ ಅಧ್ಯಾಯ ಓದುಗನ ಮನಸ್ಸಲ್ಲಿ ಯಾವ ಪ್ರಶ್ನೆ ಹುಟ್ಟಿಸುತ್ತದೆ? ನೀವು ಹೇಳಿದ ಪ್ರಕಾರ, ನೀಲಿಗೆ ಅಮ್ಮನ ಗಂಟೆ ಸಿಗುತ್ತದಾ? ಸಿಕ್ಕರೆ ಏನು ಮಾಡುತ್ತಾಳೆ? ಬಾರಿಸಿದರೆ ಸವೆಯುತ್ತದೆ, ಬಾರಿಸದಿದ್ದರೆ ಅದೊಂದು ಲೋಹದ ತುಂಡು. ಈ ಪ್ರಶ್ನೆ ತುಂಬಾ ಚೆನ್ನಾಗಿದೆ. ಆದರೆ ಇದು ಒಂದೇ ಪ್ರಶ್ನೆ. ಮೂರು ಪುಸ್ತಕದಷ್ಟು ದೂರ ಇದನ್ನು ಎಳೆದರೆ ಓದುಗ ಉತ್ತರಕ್ಕೆ ಕಾಯುತ್ತಾನೆ, ನೀವು ಅವನಿಗೆ ನಾಡುಗಳನ್ನು ತೋರಿಸುತ್ತಾ ಹೋಗುತ್ತೀರಿ.

ನಾಲ್ಕು ನಾಡು, ಮುನ್ನೂರು ವರ್ಷ, ದೊರೆ, ಇವೆಲ್ಲ ಲೋಕದ ಅಳತೆ. ಲೋಕ ಎಷ್ಟು ದೊಡ್ಡದಾದರೂ ಇರಲಿ. ಎಷ್ಟು ಪುಸ್ತಕ ಬೇಕು ಎಂಬುದನ್ನು ಹೇಳುವುದು ಪ್ರಶ್ನೆ.

ಕಾಗದದೋಣಿ

ಧನ್ಯವಾದ ಸರ್. ಓದಿ ಒಂದು ನಿಮಿಷ ಸುಮ್ಮನೆ ಕೂತೆ. ಆದರೆ ದೊರೆಯ ಯುದ್ಧ ಇಲ್ಲದಿದ್ದರೆ ಗಂಟೆ ಯಾಕೆ ಕಳುವಾಯಿತು ಎಂಬುದಕ್ಕೇ ಕಾರಣ ಇರುವುದಿಲ್ಲ. ಆ ಹಿಂದಿನ ಕಥೆ ಹೇಳಲೇಬೇಕು. ಅದನ್ನು ಹೇಳಲು ಹೊರಟರೆ ಒಂದು ಪುಸ್ತಕ ಸಾಲುವುದಿಲ್ಲ.

ಪುಟ47

ರನ್ನನ ಗದಾಯುದ್ಧ ನೆನಪಿಸಿಕೊಳ್ಳಿ. ಭಾರತದ ಇಡೀ ಕಥೆ ಅವನ ಮುಂದೆ ಇತ್ತು. ಅವನು ಆರಿಸಿಕೊಂಡಿದ್ದು ಕೊನೆಯ ದಿನದ ಭೀಮ ದುರ್ಯೋಧನರ ಹೊಡೆದಾಟ ಮಾತ್ರ. ಅಲ್ಲಿ ನಿಂತು ಸಿಂಹದ ಹಾಗೆ ಹಿಂದೆ ತಿರುಗಿ ನೋಡುತ್ತಾ ಉಳಿದದ್ದೆಲ್ಲ ಹೇಳಿದ. ಶಾಲೆಯಲ್ಲಿ ಸಿಂಹಾವಲೋಕನ ಕ್ರಮ ಅಂತ ಓದಿದ್ದು ಇದನ್ನೇ. ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಅಕ್ಷರಪ್ರಿಯ

ಪುಟ47 ಅವರ ಮಾತು ಕೇಳಲು ಚೆಂದ, ಆದರೆ ಹೋಲಿಕೆ ಸರಿ ಕೂರುವುದಿಲ್ಲ. ರನ್ನನ ಕೇಳುಗರಿಗೆ ಭಾರತದ ಕಥೆ ಮೊದಲೇ ಗೊತ್ತಿತ್ತು. ದ್ರೋಣ ಯಾರು, ಕರ್ಣ ಯಾರು ಎಂದು ಅವನು ವಿವರಿಸಬೇಕಿರಲಿಲ್ಲ. ಹೆಸರು ಹೇಳಿದರೆ ಸಾಕು, ಕಣ್ಣಲ್ಲಿ ನೀರು. ಫ್ಯಾಂಟಸಿ ಬರೆಯುವವರಿಗೆ ಆ ಸೌಲಭ್ಯ ಎಲ್ಲಿದೆ? ನೀಲಿಯ ಲೋಕದ ಮುನ್ನೂರು ವರ್ಷ ಕಾಗದದೋಣಿ ಅವರ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ. ಹಿಂದೆ ತಿರುಗಿ ನೋಡಿದರೆ ಓದುಗನಿಗೆ ಕಾಣುವುದು ಖಾಲಿ ಬಯಲು.

ಪುಟ47

ಅರ್ಧ ಒಪ್ಪಿದೆ. ಆದರೆ ರನ್ನ ಹೇಗೆ ಹಿಂದೆ ನೋಡಿದ ಎಂಬುದನ್ನು ಗಮನಿಸಿ. ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನನ್ನು ನೋಡುತ್ತಾನೆ, ದುಶ್ಶಾಸನನನ್ನು ನೋಡುತ್ತಾನೆ, ಕರ್ಣನನ್ನು ನೋಡುತ್ತಾನೆ. ಒಂದೊಂದು ಹೆಣದ ಮುಂದೆ ಒಂದೊಂದು ನೆನಪು, ಒಂದೊಂದು ಅಳು. ಇತಿಹಾಸದ ಪಾಠ ಎಲ್ಲೂ ಇಲ್ಲ. ನಡೆಯುತ್ತಿರುವವನಿಗೆ ನೋವಾದಷ್ಟು ಮಾತ್ರ ಹಿಂದಿನ ಕಥೆ ಬರುತ್ತದೆ.

ನೀಲಿಯ ಲೋಕದಲ್ಲಿ ಗಂಟೆಗಳಿವೆ! ಸತ್ತವರೇ ಮಾತಾಡುತ್ತಾರೆ! ಹಳೇ ಯುದ್ಧವನ್ನು ಹೇಳಲು ಇದಕ್ಕಿಂತ ಒಳ್ಳೆ ದಾರಿ ಬೇಕಾ? ದಾರಿಯಲ್ಲಿ ಅವಳಿಗೆ ಒಂದು ಸೈನಿಕನ ಗಂಟೆ ಸಿಗಲಿ. ಅದರಲ್ಲಿ ಇನ್ನು ನಾಲ್ಕು ಮಾತು ಮಾತ್ರ ಉಳಿದಿರಲಿ. ಬಾರಿಸಬೇಕಾ ಬೇಡವಾ ಎಂದು ಅವಳು ಒದ್ದಾಡಲಿ. ಬಾರಿಸಿದಾಗ ಯುದ್ಧದ ನಾಲ್ಕೇ ಮಾತು ಓದುಗನಿಗೆ ಸಿಗಲಿ. ಮುನ್ನೂರು ವರ್ಷ ಮುನ್ನೂರು ಪುಟ ಕೇಳುವುದಿಲ್ಲ.

ಕಾಗದದೋಣಿ

ನಾಲ್ಕು ಮಾತು ಉಳಿದ ಗಂಟೆ. ಇದು ನನಗೆ ಹೊಳೆದಿರಲೇ ಇಲ್ಲ. ಬರೆದುಕೊಂಡೆ.

ತೇಜು_ಬರಹ

ನಾನು ಸ್ವಂತ ಅನುಭವ ಹೇಳುತ್ತೇನೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಸರಣಿಯ ಮೊದಲ ಭಾಗ ಬರೆದೆ. ಮಾಂತ್ರಿಕರ ಒಂದು ಮನೆತನ, ಮೂರು ತಲೆಮಾರು. ಮೊದಲ ಭಾಗದ ಕೊನೆಯಲ್ಲಿ ನಾಯಕಿಯನ್ನು ಬಾವಿಯೊಳಗೆ ಇಳಿಸಿ ಮೇಲೆ ಕಲ್ಲು ಮುಚ್ಚಿಸಿದೆ. ಓದುಗರು ಎರಡನೇ ಭಾಗಕ್ಕೆ ಓಡಿ ಬರುತ್ತಾರೆ ಎಂದು ನಂಬಿದ್ದೆ. ಒಬ್ಬ ಪ್ರಕಾಶಕರು ಒಪ್ಪಿದರು. ಪುಸ್ತಕ ಬಂತು. ಓದಿದವರು ಮೆಚ್ಚಿದರು. ಆದರೆ ಅಂದುಕೊಂಡಷ್ಟು ಹೋಗಲಿಲ್ಲ. ಎರಡನೇ ಭಾಗ ತೆಗೆದುಕೊಂಡು ಹೋದಾಗ ಪ್ರಕಾಶಕರು ಬೇಡ ಅಂದರು. ಅವರ ಲೆಕ್ಕ ಹೀಗೆ. ಮೊದಲ ಭಾಗ ಓದದವರು ಎರಡನೆಯದನ್ನು ಕೊಳ್ಳುವುದಿಲ್ಲ. ಓದಿದವರಲ್ಲೂ ಎಲ್ಲರೂ ಬರುವುದಿಲ್ಲ. ಹಾಗಾಗಿ ಎರಡನೇ ಭಾಗದ ಓದುಗರು ಮೊದಲಿನದ್ದಕ್ಕಿಂತ ಕಡಿಮೆಯೇ ಇರುತ್ತಾರೆ. ಮೊದಲನೆಯದೇ ನಿಧಾನ ಅಂದಮೇಲೆ ಎರಡನೆಯದಕ್ಕೆ ಹಣ ಹಾಕುವುದು ಹೇಗೆ?

ಬೇರೆ ಪ್ರಕಾಶಕರ ಹತ್ತಿರ ಹೋದೆ. ಇನ್ನೊಬ್ಬರು ತಂದ ಪುಸ್ತಕದ ಮುಂದಿನ ಭಾಗ ನಮಗೆ ಬೇಡ ಅಂದರು. ಅದೂ ಸರಿಯೇ. ನನ್ನ ನಾಯಕಿ ಇವತ್ತಿಗೂ ಆ ಬಾವಿಯಲ್ಲೇ ಇದ್ದಾಳೆ. ಓದಿದ ಒಬ್ಬ ಹುಡುಗಿ ಸಿಕ್ಕಾಗ "ಮೇಡಂ, ಅವಳು ಹೊರಗೆ ಬಂದಳಾ?" ಎಂದು ಕೇಳಿದಳು. ಆ ಪ್ರಶ್ನೆ ಇನ್ನೂ ನನ್ನನ್ನು ಚುಚ್ಚುತ್ತದೆ.

ಕಲ್ಲು ಮುಚ್ಚುವ ಮೊದಲೇ ಆ ಪುಸ್ತಕ ಮುಗಿಸಬಹುದಿತ್ತು. ಅವಳ ಮೊದಲ ಗುರಿ ಈಡೇರಿತ್ತು. ಕೊನೆಯ ಹನ್ನೆರಡು ಪುಟ ಮುಂದಿನ ಪುಸ್ತಕದ ಆರಂಭಕ್ಕೆ ಇಟ್ಟುಕೊಂಡಿದ್ದರೆ ಸಾಕಾಗಿತ್ತು. ಕಾಗದದೋಣಿ, ನೀವು ಸರಣಿ ಮಾಡಿದರೂ ಪರವಾಗಿಲ್ಲ. ಆದರೆ ಮೊದಲ ಪುಸ್ತಕ ಕೊಂಡವರಿಗೆ ಒಂದು ಪೂರ್ತಿ ಕಥೆ ಕೊಡಿ.

ಹಳೇಓದುಗ

ತೇಜು ಅವರೇ, ಇದನ್ನು ಓದಿ ನನಗೆ ಬೇಜಾರಾಯಿತು. ಓದುಗರ ಸಿಟ್ಟು ಮಾತ್ರ ನನಗೆ ಗೊತ್ತಿತ್ತು. ಬರೆಯುವವರ ಕಡೆ ಹೀಗಿರುತ್ತದೆ ಎಂದು ಯೋಚಿಸಿರಲಿಲ್ಲ. ಆ ಎರಡನೇ ಭಾಗವನ್ನು ನೀವೇ ಇ-ಪುಸ್ತಕವಾಗಿ ಹಾಕಬಹುದಲ್ವಾ?

ತೇಜು_ಬರಹ

ಮೊದಲ ಭಾಗದ ಹಕ್ಕು ವಾಪಸ್ ಸಿಗಬೇಕು. ಒಪ್ಪಂದದಲ್ಲಿ ಅವಧಿ ಬರೆದಿದೆ. ಅದು ಮುಗಿದ ಮೇಲೆ ಎರಡನ್ನೂ ಸೇರಿಸಿ ನಾನೇ ಹಾಕುತ್ತೇನೆ. ಎಲ್ಲರಿಗೂ ಒಂದು ಮಾತು, ಸರಣಿಯ ಮೊದಲ ಭಾಗಕ್ಕೆ ಸಹಿ ಹಾಕುವ ಮುಂಚೆ ಮುಂದಿನ ಭಾಗಗಳ ಬಗ್ಗೆ, ಹಕ್ಕು ವಾಪಸಾಗುವ ಬಗ್ಗೆ ಏನು ಬರೆದಿದೆ ಎಂದು ಓದಿ. ನಾನು ಓದಿರಲಿಲ್ಲ.

ಬೆಳ್ಳಿಚುಕ್ಕಿ

ಒಂದು ಚಿಕ್ಕ ವಿಷಯ, ಆದರೆ ಇಲ್ಲಿ ಮುಖ್ಯ. ಕಾಗದದೋಣಿ ಎಪ್ಪತ್ತು ಸಾವಿರ ಪದ ಅಂದರು. ಇಂಗ್ಲಿಷ್ ಸಲಹೆಗಳಲ್ಲಿ ಹೊಸಬರ ಫ್ಯಾಂಟಸಿ ತೊಂಬತ್ತು ಸಾವಿರದಿಂದ ಒಂದು ಲಕ್ಷದ ಇಪ್ಪತ್ತು ಸಾವಿರ ಪದದೊಳಗೆ ಇರಲಿ ಅಂತ ಹೇಳುವುದುಂಟು. ಆ ಲೆಕ್ಕವನ್ನು ಹಾಗೇ ಕನ್ನಡಕ್ಕೆ ತರಬೇಡಿ. 'ಬಂದಿದ್ದರೂ ಹೋಗಲಾಗಲಿಲ್ಲವಂತೆ' ನಮಗೆ ಎರಡೇ ಪದ. ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಎಂಟು ಹತ್ತು ಪದ ಬೇಕು. ನಮ್ಮ ವಿಭಕ್ತಿ, ಕ್ರಿಯಾಪದದ ಬಾಲ ಎಲ್ಲ ಪದಕ್ಕೇ ಅಂಟಿಕೊಂಡಿರುತ್ತವೆ. ಹಾಗಾಗಿ ನಿಮ್ಮ ಎಪ್ಪತ್ತು ಸಾವಿರ ಈಗಲೇ ದೊಡ್ಡ ಪುಸ್ತಕ. 'ಇನ್ನೂ ಅರ್ಧವೂ ಆಗಿಲ್ಲ' ಎಂದು ಅಂದುಕೊಂಡಿದ್ದರೆ ಆ ಅಂದಾಜನ್ನು ಒಮ್ಮೆ ಪುಟದ ಲೆಕ್ಕದಲ್ಲಿ ನೋಡಿ.

ಕಾಗದದೋಣಿ

ಅಯ್ಯೋ. ನಾನು ಆ ಇಂಗ್ಲಿಷ್ ಲೆಕ್ಕವನ್ನೇ ಗೋಡೆಗೆ ಅಂಟಿಸಿಕೊಂಡಿದ್ದೆ.

ಗಿರಿಶಿಖರ

ಪುಸ್ತಕದಲ್ಲಿ ಭೂಪಟ ಹಾಕುತ್ತೀರಾ? ನಾಲ್ಕು ನಾಡು ಅಂದ ಕೂಡಲೇ ಕೇಳಬೇಕು ಅನಿಸಿತು.

ಬೆಳ್ಳಿಚುಕ್ಕಿ

ಭೂಪಟ ಬೇಕೇ ಬೇಕು. ಓದುತ್ತಾ ಓದುತ್ತಾ ಹಿಂದೆ ಹೋಗಿ ಬೆರಳಿಟ್ಟು ನೋಡುವ ಸಂತೋಷವೇ ಬೇರೆ.

ಅಕ್ಷರಪ್ರಿಯ

ಭೂಪಟದಲ್ಲೂ ಇದೇ ಸಮಸ್ಯೆ ಇದೆ ನೋಡಿ. ಭೂಪಟದಲ್ಲಿ ಒಂದು ಊರು ಕಂಡರೆ ಕಥೆ ಅಲ್ಲಿಗೆ ಹೋಗುತ್ತದೆ ಎಂದು ಓದುಗ ಕಾಯುತ್ತಾನೆ. ಬರೆಯುವವರಿಗೂ ಅದೇ ಆಸೆ ಹುಟ್ಟುತ್ತದೆ. ಬಿಡಿಸಿದ್ದೀನಲ್ಲ, ಹೋಗಿಬರೋಣ ಅಂತ. ಸರಣಿ ಉದ್ದವಾಗುವುದು ಎಷ್ಟೋ ಸಲ ಹೀಗೇ. ಒಂದೇ ಪುಸ್ತಕವಾದರೆ ನೀಲಿ ನಡೆದ ದಾರಿಯ ಭೂಪಟ ಸಾಕು.

ನಡುರಾತ್ರಿ

ಎಲ್ಲರೂ ಸೇರಿ ಸರಣಿಯನ್ನು ಒಂದು ಕಾಯಿಲೆ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ. ಕೆಲವನ್ನು ಸರಣಿ ಮಾತ್ರ ಮಾಡಬಲ್ಲದು.

ಉರ್ಸುಲಾ ಲೆ ಗ್ವಿನ್ ಅವರ ದ್ವೀಪಗಳ ಲೋಕವನ್ನೇ ತೆಗೆದುಕೊಳ್ಳಿ. ಮೊದಲ ಕಾದಂಬರಿ 1968ರಲ್ಲಿ ಬಂತು. ಮೂರನೆಯದು 1972ರಲ್ಲಿ. ಮೂರರಲ್ಲೂ ಕಥೆ ಅಲ್ಲಲ್ಲೇ ಮುಗಿಯುತ್ತದೆ. ಆಮೇಲೆ ಹದಿನೆಂಟು ವರ್ಷ ಬಿಟ್ಟು 1990ರಲ್ಲಿ ನಾಲ್ಕನೆಯದು ಬರೆದರು. ಅಷ್ಟರಲ್ಲಿ ಬರೆಯುವವರೇ ಬದಲಾಗಿದ್ದರು. ಮೊದಲ ಪುಸ್ತಕಗಳಲ್ಲಿ ಶಕ್ತಿ ಇದ್ದದ್ದು ಗಂಡಸರ ಕೈಯಲ್ಲಿ. ನಾಲ್ಕನೆಯದರಲ್ಲಿ ಅದೇ ಲೋಕವನ್ನು ಒಬ್ಬ ನಡುವಯಸ್ಸಿನ ಹೆಂಗಸಿನ ಮನೆಯೊಳಗಿಂದ ನೋಡಿದರು. ಮೊದಲು ಓದಿದ್ದೆಲ್ಲ ಬೇರೆ ಥರ ಕಾಣತೊಡಗುತ್ತದೆ. ಒಂದೇ ಪುಸ್ತಕದಲ್ಲಿ ಇದು ಆಗುತ್ತದಾ? ಆಗುವುದಿಲ್ಲ. ಬರೆಯುವವರಿಗೂ ಓದುವವರಿಗೂ ವಯಸ್ಸಾಗಬೇಕು. ಆ ನಾಲ್ಕನೆಯ ಪುಸ್ತಕಕ್ಕೆ 'ಕೊನೆಯ ಪುಸ್ತಕ' ಎಂದೇ ಉಪಶೀರ್ಷಿಕೆ ಇತ್ತು. 2001ರಲ್ಲಿ ಮತ್ತೆ ಎರಡು ಬಂದವು. ಲೋಕ ಜೀವಂತ ಇದ್ದರೆ ಅದು ಕರೆಯುತ್ತದೆ.

ಕಾಗದದೋಣಿ ಅವರಿಗೆ ಎರಡು ವರ್ಷ ಆ ಲೋಕ ಬಿಟ್ಟಿರಲು ಆಗಿಲ್ಲ. ಅದನ್ನು ಕತ್ತರಿಸಿ ಅನ್ನುವ ಮುಂಚೆ ಅಷ್ಟಾದರೂ ಯೋಚಿಸಬೇಕು.

ಕರಡುತಿದ್ದುವವ

ನಡುರಾತ್ರಿ ಅವರೇ, ನಿಮ್ಮ ಉದಾಹರಣೆ ನನ್ನ ಮಾತನ್ನೇ ಗಟ್ಟಿ ಮಾಡುತ್ತಿದೆಯಲ್ಲ. ಲೆ ಗ್ವಿನ್ ಒಂದೊಂದು ಪುಸ್ತಕವನ್ನೂ ಮುಗಿಸಿದರು. ಹಾಗಾಗಿ ಹದಿನೆಂಟು ವರ್ಷ ಸುಮ್ಮನಿದ್ದರೂ ಯಾವ ಓದುಗನೂ ಬಾವಿಯಲ್ಲಿ ಸಿಕ್ಕಿಬೀಳಲಿಲ್ಲ.

ನಡುರಾತ್ರಿ

ಮುಗಿಸಬೇಡಿ ಎಂದು ನಾನು ಹೇಳಲೇ ಇಲ್ಲ. ಸರಣಿ ಮಾಡಿ ಅಂದೆ. ಎರಡೂ ಬೇರೆ.

ಮಿಂಚುಹುಳ

ಬೇತಾಳನ ಕಥೆಗಳು ಸರಣಿಯಾ, ಬಿಡಿ ಕಥೆಗಳಾ? ಇಪ್ಪತ್ತೈದು ಕಥೆ. ಒಂದೊಂದೂ ತಾನಾಗಿ ಮುಗಿಯುತ್ತದೆ. ಆದರೆ ಹೊರಗೆ ಒಂದು ದೊಡ್ಡ ಕಥೆ ನಡೆಯುತ್ತಿರುತ್ತದೆ, ರಾಜ ಹೆಣ ಹೊತ್ತು ನಡೆಯುವುದು, ಮಾತಾಡಿದರೆ ಬೇತಾಳ ಮತ್ತೆ ಮರಕ್ಕೆ ಹಾರುವುದು. ಅದಕ್ಕೂ ಕೊನೆ ಇದೆ. ಕೊನೆಯ ಪ್ರಶ್ನೆಗೆ ರಾಜನಿಗೆ ಉತ್ತರ ಹೊಳೆಯುವುದಿಲ್ಲ, ಸುಮ್ಮನಾಗುತ್ತಾನೆ. ಆಗ ಬೇತಾಳ, ಹೆಣ ತರಲು ರಾಜನನ್ನು ಕಳಿಸಿದ ಭಿಕ್ಷುವಿನ ಸಂಚನ್ನು ಹೇಳಿಬಿಡುತ್ತದೆ. ಒಳಗೂ ಮುಕ್ತಾಯ, ಹೊರಗೂ ಮುಕ್ತಾಯ.

ಟೆರ್ರಿ ಪ್ರಾಚೆಟ್ ಇನ್ನೊಂದು ದಾರಿ ಹಿಡಿದರು. 1983ರಿಂದ 2015ರವರೆಗೆ ಒಂದೇ ಲೋಕದಲ್ಲಿ 41 ಕಾದಂಬರಿ. ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಮಾಟಗಾತಿಯರ ಕಥೆ ಒಂದು ಸಾಲು, ನಗರದ ಕಾವಲುಗಾರರದ್ದು ಇನ್ನೊಂದು ಸಾಲು. ಲೋಕ ಒಂದು, ಪ್ರಶ್ನೆಗಳು ಬೇರೆ ಬೇರೆ. ಕಾಗದದೋಣಿ ಅವರ ಅಂಬಿಗನಿಗೆ ಅವನದ್ದೇ ಕಥೆ ಇದೆ ಅಂದರಲ್ಲ. ಅವನಿಗೆ ಅವನದ್ದೇ ಪುಸ್ತಕ ಕೊಡಿ. ನೀಲಿಯ ಕಥೆಯಲ್ಲಿ ಅವನು ದೋಣಿ ದಾಟಿಸಿ ಹೋಗಲಿ.

ಅಕ್ಷರಪ್ರಿಯ

ಇದು ಒಳ್ಳೆಯ ದಾರಿ. ದೊಡ್ಡ ಲೋಕ ಕಟ್ಟಿದವರಿಗೆ ಏನೂ ನಷ್ಟವಾಗುವುದಿಲ್ಲ.

ಒಂದೇ ಪುಸ್ತಕ ಅಂದರೆ ಲೋಕ ಸಣ್ಣದು ಎಂದು ತಿಳಿಯುವವರಿಗೂ ಒಂದು ಮಾತು. ಸುಸಾನಾ ಕ್ಲಾರ್ಕ್ 2004ರಲ್ಲಿ ತಂದ ಮೊದಲ ಕಾದಂಬರಿ ಇಟ್ಟಿಗೆಯಷ್ಟು ದಪ್ಪ. ಅಡಿಟಿಪ್ಪಣಿಗಳಲ್ಲೇ ಮಂತ್ರವಿದ್ಯೆಯ ಒಂದು ಇಡೀ ಚರಿತ್ರೆ ಇದೆ. ಅಂದರೆ ಅವರ ನೋಟ್‌ಬುಕ್ಕು ಪುಸ್ತಕದ ಕಾಲಬುಡಕ್ಕೆ ಹೋಗಿ ಕೂತಿತು, ಕಥೆಯನ್ನು ತಡೆಯಲಿಲ್ಲ. ಅವರ ಎರಡನೆಯ ಕಾದಂಬರಿ ಬಂದಿದ್ದು 2020ರಲ್ಲಿ. ಅದು ತೆಳ್ಳಗಿನ ಪುಸ್ತಕ, ಬಹುಪಾಲು ಒಂದೇ ಮನೆಯೊಳಗೆ ನಡೆಯುತ್ತದೆ. ಆ ಮನೆಗೆ ಕೊನೆಯೇ ಇಲ್ಲ ಅನಿಸುತ್ತದೆ. ಪುಸ್ತಕ ಮುಗಿದಮೇಲೂ ನಾನು ಅದರೊಳಗೆ ಓಡಾಡುತ್ತಿದ್ದೆ.

ಕರಡುತಿದ್ದುವವ

ಸರಣಿ ಬರೆಯುವವರು ಇನ್ನೊಂದು ವಿಷಯ ಯೋಚಿಸಬೇಕು. ನಿಯಮ. ಫ್ಯಾಂಟಸಿಯಲ್ಲಿ ಮಂತ್ರಕ್ಕೆ ಒಂದು ನಿಯಮ ಇರುತ್ತದೆ. ಮೊದಲ ಭಾಗ ಅಚ್ಚಾದ ಮೇಲೆ ಆ ನಿಯಮ ನಿಮ್ಮ ಕೈ ಕಟ್ಟಿಹಾಕುತ್ತದೆ. ಗಂಟೆ ಬಾರಿಸಿದಷ್ಟೂ ಸವೆಯುತ್ತದೆ ಎಂದು ಮೊದಲ ಭಾಗದಲ್ಲಿ ಬರೆದಿರುತ್ತೀರಿ. ಮೂರನೇ ಭಾಗದಲ್ಲಿ, ಸವೆಯದ ಒಂದು ಗಂಟೆ ಬೇಕು ಅನಿಸುತ್ತದೆ. ಏನು ಮಾಡುತ್ತೀರಿ? ಕೈಯಲ್ಲಿ ಒಂದೇ ಕರಡು ಇದ್ದರೆ ಹಿಂದೆ ಹೋಗಿ ಒಂದು ಸಾಲು ಸೇರಿಸಿದರೆ ಆಯಿತು.

ಟೋಲ್ಕಿನ್ ಅವರಿಗೂ ಇದು ಎದುರಾಯಿತು. 1937ರ ಮಕ್ಕಳ ಪುಸ್ತಕ 'ದಿ ಹಾಬಿಟ್'ನಲ್ಲಿ ಬರುವ ಉಂಗುರ ಸುಮ್ನೆ ಒಂದು ಮಾಯದ ಉಂಗುರ. ಅದನ್ನು ಇಟ್ಟುಕೊಂಡಿದ್ದ ಪ್ರಾಣಿ ಒಗಟಿನ ಆಟದಲ್ಲಿ ಸೋತರೆ ಅದನ್ನು ಕೊಡಲು ಒಪ್ಪಿರುತ್ತದೆ. ಮುಂದಿನ ಕಥೆ 'ಲಾರ್ಡ್ ಆಫ್ ದಿ ರಿಂಗ್ಸ್' ಬರೆಯುತ್ತಾ ಹೋದಂತೆ ಆ ಉಂಗುರ ಯಾರೂ ಮನಸಾರೆ ಬಿಡಲಾಗದ ವಸ್ತುವಾಯಿತು. ಹಳೆಯ ಅಧ್ಯಾಯ ಹೊಂದಲಿಲ್ಲ. 1951ರ ಆವೃತ್ತಿಯಲ್ಲಿ ಆ ಅಧ್ಯಾಯವನ್ನೇ ತಿದ್ದಿ ಬರೆದರು. ಹೊಸ ಆವೃತ್ತಿ ಬಂತು, ಅವಕಾಶ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ.

ಹಳೇಓದುಗ

ರಾಬರ್ಟ್ ಜೋರ್ಡನ್ ವಿಷಯ ಯಾರೂ ತರಲಿಲ್ಲ. 1990ರಲ್ಲಿ ಶುರು ಮಾಡಿದ ದೊಡ್ಡ ಸರಣಿ. ಮುಗಿಸುವ ಮೊದಲೇ 2007ರಲ್ಲಿ ತೀರಿಕೊಂಡರು. ಟಿಪ್ಪಣಿ ಬಿಟ್ಟುಹೋಗಿದ್ದರು. ಬ್ರ್ಯಾಂಡನ್ ಸ್ಯಾಂಡರ್ಸನ್ ಅದನ್ನು ಹಿಡಿದು ಕೊನೆಯ ಮೂರು ಪುಸ್ತಕ ಬರೆದರು, ಕೊನೆಯದು 2013ರಲ್ಲಿ ಬಂತು. ಒಟ್ಟು ಹದಿನಾಲ್ಕು. ನಾನು ಆ ಕೊನೆಯ ಪುಸ್ತಕ ಓದುವಾಗ ಇಬ್ಬರಿಗೂ ಮನಸ್ಸಲ್ಲೇ ನಮಸ್ಕಾರ ಮಾಡಿದೆ. ಒಬ್ಬರು ಕಾಯಿಲೆಯಲ್ಲೂ ಮುಕ್ತಾಯಕ್ಕೆ ಬೇಕಾದ್ದು ಹೇಳಿಟ್ಟು ಹೋದರು. ಇನ್ನೊಬ್ಬರು ತಮ್ಮ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಬೇರೆಯವರ ಮಾತು ಉಳಿಸಿದರು. ನಾನು ಸರಣಿ ಬೇಡ ಅಂದದ್ದು ಸಿಟ್ಟಿನಿಂದ. ಆದರೆ ಇಂಥ ಸರಣಿ ಓದಿದ ಸುಖವನ್ನೂ ಮರೆತಿಲ್ಲ.

ಗಿರಿಶಿಖರ

ಕಾಗದದೋಣಿ, ಒಂದು ಕೆಲಸ ಮಾಡಿ. ಚರ್ಚೆ ಬಿಟ್ಟು ಕೊನೆಯ ಅಧ್ಯಾಯ ಈಗಲೇ ಬರೆಯಿರಿ. ಚೆನ್ನಾಗಿ ಬರಬೇಕಿಲ್ಲ. ನಾನು ಹಾಗೆ ಮಾಡಿದೆ. ನನ್ನ ಕಥೆಯಲ್ಲಿ ಅಣ್ಣ ತಮ್ಮ ಇಬ್ಬರು, ಒಬ್ಬ ಮಾತ್ರ ದೊರೆಯಾಗಬಹುದು. ಐದು ಪುಸ್ತಕ ಅಂದುಕೊಂಡಿದ್ದೆ. ಕೊನೆಯ ಅಧ್ಯಾಯ ಬರೆದೆ. ಅದರಲ್ಲಿ ಎಷ್ಟು ಪಾತ್ರ ಇದ್ದಾರೆ ಎಂದು ಎಣಿಸಿದೆ. ಆರು ಜನ. ನನ್ನ ಪಟ್ಟಿಯಲ್ಲಿ ನಲವತ್ತು ಜನ ಇದ್ದರು. ಉಳಿದ ಮೂವತ್ತನಾಲ್ಕು ಜನ ಕಥೆಗೆ ಬೇಡವೇ ಬೇಡ ಅಂತಲ್ಲ. ಆದರೆ ಯಾರಿಗೆ ಎಷ್ಟು ಜಾಗ ಕೊಡಬೇಕು ಎಂಬುದು ಆವತ್ತು ಸರಿಯಾಗಿ ಕಂಡಿತು. ಈಗ ಅದು ಎರಡು ಪುಸ್ತಕ. ಒಂದು ಅಣ್ಣನದು, ಒಂದು ತಮ್ಮನದು. ಒಂದು ಅಥವಾ ಮೂರು ಅಂತ ಯಾಕೆ ಅಂದುಕೊಳ್ಳಬೇಕು? ಎರಡು ಪುಸ್ತಕವೂ ಆಗಬಹುದು.

ತೇಜು_ಬರಹ

ಎರಡು ಭಾಗದ್ದರಲ್ಲಿ ಒಂದು ಲಾಭ ಇದೆ. ಮೂರು ಭಾಗದಲ್ಲಿ ನಡುವಿನ ಪುಸ್ತಕ ಜೋತುಬೀಳುತ್ತದೆ. ಮೊದಲನೆಯದರಲ್ಲಿ ಹೊಸತನ ಇರುತ್ತದೆ, ಮೂರನೆಯದರಲ್ಲಿ ಮುಕ್ತಾಯ ಇರುತ್ತದೆ, ನಡುವಿನದರಲ್ಲಿ ಬರೀ ನಡಿಗೆ. ಎರಡೇ ಆದರೆ ಆ ಜೋತುಬೀಳುವ ಜಾಗವೇ ಇಲ್ಲ.

ನಡುರಾತ್ರಿ

ನಡುವಿನ ಪುಸ್ತಕ ಜೋತುಬೀಳುವುದು ಅದಕ್ಕೆ ತನ್ನದೇ ಪ್ರಶ್ನೆ ಇಲ್ಲದಿದ್ದಾಗ. ಇದ್ದರೆ ಅದೇ ಎಲ್ಲಕ್ಕಿಂತ ಚೆನ್ನಾಗಿರುತ್ತದೆ. ನನಗೆ ಲೆ ಗ್ವಿನ್ ಅವರ ಎರಡನೆಯದೇ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಹಳೆಯ ನಾಯಕ ಬರುವುದೇ ತಡವಾಗಿ. ಕತ್ತಲೆಯ ಸಮಾಧಿಗಳ ನಡುವೆ ಬೆಳೆದ ಒಬ್ಬ ಹುಡುಗಿಯ ಕಥೆ ಅದು.

ಕಾಗದದೋಣಿ

ಎರಡು ದಿನ ಬರಲಾಗಲಿಲ್ಲ, ಕ್ಷಮಿಸಿ. ಗಿರಿಶಿಖರ ಅವರು ಹೇಳಿದಂತೆ ಕೊನೆಯ ಅಧ್ಯಾಯ ಬರೆಯಲು ಕೂತಿದ್ದೆ. ರಾತ್ರಿ ಶುರು ಮಾಡಿದೆ, ಬೆಳಗಾಗುವಷ್ಟರಲ್ಲಿ ಮುಗಿಯಿತು. ಎರಡು ವರ್ಷದಲ್ಲಿ ಇಷ್ಟು ಬೇಗ ಏನನ್ನೂ ಬರೆದಿರಲಿಲ್ಲ.

ಅದರಲ್ಲಿ ಇರುವವರು ಮೂರೇ ಜನ. ನೀಲಿ, ಅವಳ ಅಪ್ಪ, ಗಂಟೆ ಕದ್ದ ಮುದುಕಿ. ದೊರೆ ಇಲ್ಲ. ನನಗೇ ಆಶ್ಚರ್ಯ. ಅವನಿಗಾಗಿ ಹದಿನಾರು ಅಧ್ಯಾಯದ ಯೋಜನೆ ಮಾಡಿದ್ದೆ. ಕೊನೆಯಲ್ಲಿ ಅವನ ನೆನಪೇ ಬರಲಿಲ್ಲ. ಗಂಟೆ ಕದ್ದವಳು ಅದನ್ನು ದೊರೆಗೆ ಮಾರಲು ಕದ್ದಿದ್ದಳು ಎಂದು ಮೊದಲು ಅಂದುಕೊಂಡಿದ್ದೆ. ಬರೆಯುತ್ತಾ ಹೋದಾಗ ಅವಳು ನೀಲಿಯ ಅಜ್ಜಿಯಾದಳು. ತನ್ನ ಮಗಳ ದನಿ ಕೇಳಬೇಕೆಂದು ಕದ್ದಿದ್ದಾಳೆ. ಅಮ್ಮನ ದನಿಯ ಮೇಲೆ ಹಕ್ಕು ಮಗಳಿಗಾ, ಹೆತ್ತವಳಿಗಾ? ನೀಲಿಗೆ ಎದುರು ನಿಲ್ಲುವ ಪ್ರಶ್ನೆ ಇದು. ಇದನ್ನು ನಾನು ಯಾವ ನೋಟ್‌ಬುಕ್ಕಿನಲ್ಲೂ ಬರೆದಿರಲಿಲ್ಲ.

ಹಾಗಾಗಿ ನೀಲಿಯ ಕಥೆ ಒಂದೇ ಪುಸ್ತಕ. ಎರಡನೇ ನಾಡಿನ ಗಡಿಯಲ್ಲೇ ಮುಗಿಯುತ್ತದೆ. ಸೈನಿಕನ ಗಂಟೆ ಬರುತ್ತದೆ, ನಾಲ್ಕು ಮಾತಿನದು. ಅಂಬಿಗ ದೋಣಿ ದಾಟಿಸುತ್ತಾನೆ, ಅವನ ಕಥೆ ಆಮೇಲೆ ಬೇರೆ ಬರೆಯುತ್ತೇನೆ. ಈಗಿರುವ ಎಪ್ಪತ್ತು ಸಾವಿರದಲ್ಲಿ ಸುಮಾರು ಇಪ್ಪತ್ತು ಸಾವಿರ ತೆಗೆಯಬೇಕಾಗುತ್ತದೆ. ನಿನ್ನೆ ಮೊದಲ ಅಧ್ಯಾಯದಲ್ಲಿ ದೊರೆಯ ವಂಶಾವಳಿ ತೆಗೆದೆ. ಕೈ ನಡುಗಿತು. ಆದರೆ ಅಧ್ಯಾಯ ಉಸಿರಾಡತೊಡಗಿತು.

ನಡುರಾತ್ರಿ

ಅಜ್ಜಿ ಕದ್ದಿದ್ದು! ನಾನು ಸೋತೆ, ಒಂದೇ ಪುಸ್ತಕ ಮಾಡಿ. ಆದರೆ ದೊರೆಯನ್ನು ಅಳಿಸಬೇಡಿ. ಬೇರೆ ಫೈಲಿನಲ್ಲಿ ಇಡಿ. ಗಂಟೆ ಕರಗಿಸುವವನಿಗೆ ಅವನ ಅಮ್ಮನ ಗಂಟೆ ಎಲ್ಲಿದೆ ಎಂದು ಒಮ್ಮೆ ಕೇಳಿ ನೋಡಿ. ಅಲ್ಲಿ ಇನ್ನೊಂದು ಪುಸ್ತಕ ಇದೆ.

ಕಾಗದದೋಣಿ

ಅಳಿಸಿಲ್ಲ. ಇಟ್ಟಿದ್ದೇನೆ. ಮತ್ತೆ ನೀವು ಈಗ ಕೇಳಿದ ಪ್ರಶ್ನೆಯನ್ನೂ ಆ ಫೈಲಿನ ಮೊದಲ ಸಾಲಾಗಿ ಹಾಕಿದೆ.

ಕರಡುತಿದ್ದುವವ

ಎರಡನೇ ಕರಡು ಆದಮೇಲೆ ಮೊದಲ ಮೂರು ಅಧ್ಯಾಯ ಮತ್ತು ಕೊನೆಯದು ಕಳಿಸಿ. ನಡುವಿನದು ಆಮೇಲೆ ನೋಡೋಣ. ಮೊದಲ ಅಧ್ಯಾಯದಲ್ಲಿ ಅಜ್ಜಿಯ ಸುಳಿವು ಎಲ್ಲಾದರೂ ಇರಬೇಕು, ಒಂದು ಸಾಲಾದರೂ. ಈಗ ಕರಡು ನಿಮ್ಮ ಕೈಯಲ್ಲೇ ಇದೆ, ಸೇರಿಸಬಹುದು.

ಹಳೇಓದುಗ

ಕೊನೆಯ ಅಧ್ಯಾಯ ಬರೆದಾಗಿದೆ ಅಂದಿರಲ್ಲ, ಅಷ್ಟು ಸಾಕು ನನಗೆ. ನನಗೂ ಕಳಿಸಿ. ಮೊದಲಿಂದ ಓದುತ್ತೇನೆ.